ದೂರದ ಬೆಟ್ಟ ನುಣ್ಣಗಾದದ್ದು ಯಾರಿಂದ?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ದೂರದಿಂದ ಕಂಡದ್ದನ್ನು ನಂಬಿ ಮೋಸಹೋಗಬಾರದು ಎಂಬುದು ಅದರ ತಾತ್ಪರ್ಯ. ಆದರೆ ಆ ಗಾದೆಯೊಳಗೆ ಒಂದು ಭೌತಿಕ ಸತ್ಯವೂ ಅಡಗಿದೆ. ಬೆಟ್ಟಕ್ಕೂ ಕಣ್ಣಿಗೂ ನಡುವೆ ಇರುವ ಗಾಳಿ ಬರಿದಾದುದಲ್ಲ. ಬೆಟ್ಟದಿಂದ ಹೊರಟ ಬೆಳಕಿನ ಒಂದು ಭಾಗವನ್ನು ಆ ಗಾಳಿ ದಾರಿಯಲ್ಲೇ ಚದುರಿಸುತ್ತದೆ, ಇನ್ನೊಂದು ಭಾಗವನ್ನು ಹೀರುತ್ತದೆ. ಸಾಲದ್ದಕ್ಕೆ ಸೂರ್ಯನ ಬೆಳಕನ್ನು ಕಣ್ಣಿನತ್ತ ತಿರುಗಿಸಿ ನೋಟದ ಮೇಲೆ ಬಿಳಿಯ ತೆರೆಯೊಂದನ್ನು ಎಳೆಯುತ್ತದೆ. ಬಂಡೆಯ ಬಿರುಕು, ಕಣಿವೆಯ ನೆರಳು, ಮರಗಳ ಅಂಚು ಎಲ್ಲವೂ ಅಳಿಸಿಹೋಗಿ ಬೆಟ್ಟ ನುಣ್ಣಗಾಗುತ್ತದೆ.

ಹಾಗಾದರೆ ಬೆಟ್ಟ ಎಷ್ಟು ನುಣ್ಣಗೆ ಕಾಣುವುದು ಸಹಜ? ಆ ನುಣುಪಿನಲ್ಲಿ ಪ್ರಕೃತಿಯ ಪಾಲೆಷ್ಟು, ಚಿಮಣಿಯ ಪಾಲೆಷ್ಟು? ಕವಿಗಳಿಗೆ ಬಿಡಬೇಕಾದ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಈ ಪ್ರಶ್ನೆಯನ್ನು ಕಾನೂನಿನಲ್ಲಿ ಬರೆದು, ಉಪಕರಣಗಳಿಂದ ಅಳೆದು, ಉತ್ತರದ ಆಧಾರದ ಮೇಲೆ ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆಯನ್ನು ತಡೆದ ದೇಶವೊಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಉದ್ಯಾನಗಳ ಈ ಅನುಭವದಲ್ಲಿ ಪಶ್ಚಿಮ ಘಟ್ಟದ ಜನ ಗಮನಿಸಬೇಕಾದ ಪಾಠವಿದೆ. ಎಚ್ಚರವಹಿಸಬೇಕಾದ ಸಂಗತಿಯೂ ಇದೆ.

ನೋಟಕ್ಕೂ ಒಂದು ಕಾನೂನು

1977ರಲ್ಲಿ ಅಮೆರಿಕದ ಶುದ್ಧ ವಾಯು ಕಾಯಿದೆಗೆ ತಿದ್ದುಪಡಿ ತಂದಾಗ ಅದರಲ್ಲಿ ಒಂದು ಅಪರೂಪದ ವಿಧಿ ಸೇರಿತು. ದೊಡ್ಡ ರಾಷ್ಟ್ರೀಯ ಉದ್ಯಾನಗಳಲ್ಲೂ ವನ್ಯಪ್ರದೇಶಗಳಲ್ಲೂ ಮನುಷ್ಯಕೃತ ಮಾಲಿನ್ಯದಿಂದ ನೋಟಕ್ಕೆ ಈಗಾಗಲೇ ಒದಗಿರುವ ಹಾನಿಯನ್ನು ಸರಿಪಡಿಸುವುದು ಮತ್ತು ಮುಂದೆ ಅಂಥ ಹಾನಿಯಾಗದಂತೆ ತಡೆಯುವುದು ರಾಷ್ಟ್ರೀಯ ಗುರಿಯೆಂದು ಆ ವಿಧಿ ಸಾರಿತು. ಇಂಥ ರಕ್ಷಣೆಗೆ ಒಳಪಟ್ಟ ಪ್ರದೇಶಗಳು 156. ಅಲ್ಲಿಯವರೆಗೆ ವಾಯುಮಾಲಿನ್ಯದ ಕಾನೂನು ಹೆಚ್ಚಾಗಿ ಶ್ವಾಸಕೋಶದ ಮಾತನ್ನೇ ಆಡುತ್ತಿತ್ತು. ಈ ವಿಧಿಯೊಂದಿಗೆ ಅದು ಕಣ್ಣಿನ ಮಾತನ್ನೂ ಕಲಿಯಿತು.

ಆದರೆ ಕಾನೂನು ಬರೆದ ಮಾತ್ರಕ್ಕೆ ಮಬ್ಬು ಕರಗಲಿಲ್ಲ. ಮಬ್ಬು ಯಾರದೆಂದು ಕೇಳಿದಾಗ ಪ್ರತಿಯೊಬ್ಬ ಸ್ಥಾವರದ ಒಡೆಯನೂ ಇನ್ನೊಬ್ಬನತ್ತ ಕೈತೋರಿಸಿದ. ನಗರಗಳ ವಾಹನಗಳಿವೆ, ಮರುಭೂಮಿಯ ಧೂಳಿದೆ, ಕಾಡಿನ ಬೆಂಕಿಯಿದೆ, ಮರಗಳೇ ಉಸಿರಾಡಿ ಬಿಡುವ ಆವಿಯಿದೆ; ನಮ್ಮ ಚಿಮಣಿಯೇ ಕಾರಣವೆಂದು ಹೇಗೆ ಹೇಳುವಿರಿ ಎಂಬುದು ಅವರ ವಾದವಾಗಿತ್ತು. ಈ ವಾದಕ್ಕೆ ಘೋಷಣೆ ಉತ್ತರವಾಗಲಾರದು. ಅಳತೆಯೊಂದೇ ಉತ್ತರ.

ಕಣ್ಣು, ಬೆಳಕು, ಕಣ

ಅಳತೆ ಮೂರು ಹಂತಗಳಲ್ಲಿ ರೂಪುಗೊಂಡಿತು. ಮೊದಲನೆಯದು ಕ್ಯಾಮೆರಾ. ಒಂದೇ ಸ್ಥಳದಲ್ಲಿ ನೆಟ್ಟ ಕ್ಯಾಮೆರಾ ಒಂದೇ ಬೆಟ್ಟವನ್ನು ದಿನದ ಗೊತ್ತಾದ ಹೊತ್ತುಗಳಲ್ಲಿ ವರ್ಷಗಟ್ಟಲೆ ಚಿತ್ರಿಸುತ್ತದೆ. ಅತಿ ಶುಭ್ರವಾದ ದಿನದ ಚಿತ್ರವನ್ನೂ ಅತಿ ಮಬ್ಬಾದ ದಿನದ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ, ಅಕ್ಷರ ಬಾರದವರಿಗೂ ವಿಷಯ ಅರ್ಥವಾಗುತ್ತದೆ. ಎರಡನೆಯದು ಬೆಳಕಿನ ಅಳತೆ. ಕೆಲವು ಕಿಲೋಮೀಟರ್ ದೂರದಿಂದ ಗೊತ್ತಾದ ಪ್ರಮಾಣದ ಬೆಳಕನ್ನು ಹಾಯಿಸಿ, ಈ ತುದಿಯಲ್ಲಿ ಎಷ್ಟು ಉಳಿದು ಬಂತೆಂದು ನೋಡುವ ಯಂತ್ರ ಒಂದು. ಗಾಳಿಯನ್ನು ಪೆಟ್ಟಿಗೆಯೊಳಗೆ ಎಳೆದುಕೊಂಡು ಅದು ಎಷ್ಟು ಬೆಳಕನ್ನು ಚದುರಿಸುತ್ತದೆಂದು ನೋಡುವ ನೆಫೆಲೋಮೀಟರ್ ಇನ್ನೊಂದು.

ಮೂರನೆಯದೇ ನಿರ್ಣಾಯಕ. ಅದು ಕಣಗಳ ವಿಶ್ಲೇಷಣೆ. 1985ರಲ್ಲಿ ರೂಪುಗೊಂಡ ಇಂಪ್ರೂವ್ ಎಂಬ ಮಾಪನ ಜಾಲದ ಕೇಂದ್ರಗಳು ಇಂದಿಗೂ ಮೂರು ದಿನಗಳಿಗೊಮ್ಮೆ 24 ಗಂಟೆಗಳ ಕಾಲ ಗಾಳಿಯನ್ನು ಬೇರೆ ಬೇರೆ ಬಗೆಯ ಫಿಲ್ಟರುಗಳ ಮೂಲಕ ಹಾಯಿಸುತ್ತವೆ. ಟೆಫ್ಲಾನ್ ಫಿಲ್ಟರು ಕಣಗಳ ತೂಕವನ್ನೂ ಧಾತುಗಳನ್ನೂ ಹೇಳುತ್ತದೆ. ನೈಲಾನ್ ಫಿಲ್ಟರು ಸಲ್ಫೇಟ್, ನೈಟ್ರೇಟುಗಳನ್ನು ಹಿಡಿಯುತ್ತದೆ. ಕ್ವಾರ್ಟ್ಸ್ ಫಿಲ್ಟರು ಮಸಿಯನ್ನೂ ಇತರ ಇಂಗಾಲವನ್ನೂ ಲೆಕ್ಕಹಾಕುತ್ತದೆ. ಫಿಲ್ಟರುಗಳನ್ನು ಬದಲಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ಕೆಲಸ ಬಹುಮಟ್ಟಿಗೆ ಉದ್ಯಾನದ ಸಿಬ್ಬಂದಿಯದೇ. ಆಡಂಬರವಿಲ್ಲದ ಈ ಕೆಲಸ ದಶಕಗಳ ಕಾಲ ತಪ್ಪದೆ ನಡೆದದ್ದರಿಂದಲೇ ಮಬ್ಬಿನಲ್ಲಿ ಯಾರ ಪಾಲು ಎಷ್ಟೆಂಬ ಲೆಕ್ಕ ಸಾಧ್ಯವಾಯಿತು. ಕಲ್ಲಿದ್ದಲಿನ ಗಂಧಕ ಸಲ್ಫೇಟಾಗಿ, ಕಾಡಿನ ಬೆಂಕಿ ಇಂಗಾಲವಾಗಿ, ಮರುಭೂಮಿ ಮಣ್ಣಿನ ಧಾತುಗಳಾಗಿ ಫಿಲ್ಟರಿನ ಮೇಲೆ ತಮ್ಮ ತಮ್ಮ ಗುರುತನ್ನು ಬಿಟ್ಟುಹೋಗುತ್ತವೆ.

ಶುಭ್ರವಾದುದೇ ಬೇಗ ಕೆಡುತ್ತದೆ

ಈ ಅಳತೆಗಳಿಂದ ಹೊರಬಿದ್ದ ಒಂದು ಸತ್ಯವನ್ನು ಲೆಕ್ಕದ ಮೂಲಕವೇ ಹೇಳಬೇಕು. ಕಣವೇ ಇಲ್ಲದ ಪರಿಶುದ್ಧ ಗಾಳಿಯೂ ತನ್ನ ಅಣುಗಳಿಂದಲೇ ಸ್ವಲ್ಪ ಬೆಳಕನ್ನು ಚದುರಿಸುತ್ತದೆ. ಬೆಳಕು ಹತ್ತು ಲಕ್ಷ ಮೀಟರು ಸಾಗುವಾಗ ಆಗುವ ನಷ್ಟದ ಮಾನದಲ್ಲಿ ಅದು ಸುಮಾರು 10. ಆ ಗಾಳಿಯಲ್ಲಿ ಕಪ್ಪನೆಯ ಬೆಟ್ಟವೊಂದು ಸುಮಾರು 390 ಕಿಲೋಮೀಟರ್ ದೂರದವರೆಗೆ ಕಾಣಬಲ್ಲದು ಎಂಬುದು ಶಾಸ್ತ್ರದ ಲೆಕ್ಕ. ಇದಕ್ಕೆ ಮಾಲಿನ್ಯದಿಂದ ಇನ್ನೊಂದು 10 ಸೇರಿತೆಂದುಕೊಳ್ಳಿ. ದೃಷ್ಟಿದೂರ ಅರ್ಧಕ್ಕರ್ಧ ಕುಸಿದು 195 ಕಿಲೋಮೀಟರಿಗೆ ಇಳಿಯುತ್ತದೆ. ಅಷ್ಟೇ ಮಾಲಿನ್ಯವನ್ನು, ಈಗಾಗಲೇ ಮಾನ 100ಕ್ಕೆ ಏರಿರುವ ಗಾಳಿಗೆ ಸೇರಿಸಿದರೆ ದೃಷ್ಟಿದೂರ 39ರಿಂದ 36 ಕಿಲೋಮೀಟರಿಗೆ ಇಳಿಯುತ್ತದೆ, ಅಷ್ಟೆ. ಹಾಲಿನ ಪಾತ್ರೆಗೆ ಬಿದ್ದ ಒಂದು ತೊಟ್ಟು ಮಸಿ ಎದ್ದು ಕಾಣುತ್ತದೆ. ಕೊಚ್ಚೆಗೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಮನುಷ್ಯನ ಕಣ್ಣಿಗೆ ಹೊಂದುವಂತೆ ಈ ಬದಲಾವಣೆಯನ್ನು ಹೇಳಲು 1994ರಲ್ಲಿ ಪಿಚ್‌ಫೋರ್ಡ್ ಮತ್ತು ಮಾಲ್ಮ್ ಎಂಬ ವಿಜ್ಞಾನಿಗಳು 'ಡೆಸಿವ್ಯೂ' ಎಂಬ ಮಾನವನ್ನು ಮುಂದಿಟ್ಟರು. ಪರಿಶುದ್ಧ ಗಾಳಿಗೆ ಸೊನ್ನೆ. ಮಬ್ಬು ಹೆಚ್ಚಿದಂತೆ ಅಂಕಿ ಏರುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ನೋಟ ಸುಮಾರು 7 ಅಂಕ ಕೆಟ್ಟರೆ, ಎರಡನೆಯದರಲ್ಲಿ ಕೆಡುವುದು ಒಂದು ಅಂಕದಷ್ಟು ಮಾತ್ರ. ನಗರದ ಗಾಳಿಗಾಗಿ ರೂಪಿಸಿದ ಮಿತಿಗಳು ಕಾಡಿನ ಗಾಳಿಯನ್ನು ಏಕೆ ಕಾಯಲಾರವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ನಗರದಲ್ಲಿ ಗಣನೆಗೇ ಬಾರದ ಹೊಗೆ ಬೆಟ್ಟದ ಮೇಲೆ ದಿಗಂತವನ್ನೇ ಕಸಿದುಕೊಳ್ಳುತ್ತದೆ.

ಗ್ರ್ಯಾಂಡ್ ಕ್ಯಾನಿಯನ್ನಿನ ವ್ಯಾಜ್ಯ

ಅರಿಜೋನಾ ರಾಜ್ಯದ ಪೇಜ್ ಪಟ್ಟಣದ ಬಳಿ, ಗ್ರ್ಯಾಂಡ್ ಕ್ಯಾನಿಯನ್ ಉದ್ಯಾನಕ್ಕೆ ಸಮೀಪದಲ್ಲಿ, 1974ರಿಂದ 1976ರ ನಡುವೆ 2250 ಮೆಗಾವಾಟಿನ ನವಾಹೋ ಉಷ್ಣ ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ಚಳಿಗಾಲದಲ್ಲಿ ಕಮರಿಯೊಳಗೆ ಬಿಳಿಯ ಮಬ್ಬು ತುಂಬಿ ನಿಲ್ಲುತ್ತಿತ್ತು. ಅದರಲ್ಲಿ ಸ್ಥಾವರದ ಪಾಲಿದೆಯೇ ಎಂದು ತಿಳಿಯಲು 1987ರ ಚಳಿಗಾಲದಲ್ಲಿ ವಿಜ್ಞಾನಿಗಳು ಒಂದು ಉಪಾಯ ಹೂಡಿದರು. ಭಾರಜಲಜನಕದಿಂದ ತಯಾರಿಸಿದ, ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ವಿರಳವಾದ ಮೀಥೇನನ್ನು ಸ್ಥಾವರದ ಚಿಮಣಿಯೊಳಗೆ ಬಿಟ್ಟು, ಅದು ಎಲ್ಲೆಲ್ಲಿ ತೇಲಿಹೋಯಿತೆಂದು ಹುಡುಕಿದರು. ಹಟ್ಟಿಯಿಂದ ತಪ್ಪಿಸಿಕೊಂಡ ಹಸುವನ್ನು ಕೊರಳ ಗಂಟೆಯ ಸದ್ದಿನಿಂದ ಪತ್ತೆ ಹಚ್ಚಿದ ಹಾಗೆ, ಚಿಮಣಿಯ ಹೊಗೆಯನ್ನು ಉದ್ಯಾನದ ಗಾಳಿಯಲ್ಲಿ ಪತ್ತೆ ಹಚ್ಚಲಾಯಿತು.

ಸ್ಥಾವರದ ಪರವಾದವರು ಲೆಕ್ಕದಲ್ಲಿ ತಪ್ಪುಗಳಿವೆಯೆಂದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಅಧ್ಯಯನವನ್ನು ಪರಾಮರ್ಶಿಸಿ ಎರಡೂ ಮಾತುಗಳನ್ನು ಪ್ರಾಮಾಣಿಕವಾಗಿ ಹೇಳಿತು. ಸ್ಥಾವರದ ಪಾಲು ಇಂತಿಷ್ಟೇ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಅದರಲ್ಲಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಕಮರಿಯ ಮಬ್ಬಿಗೆ ಸ್ಥಾವರ ಗಣನೀಯವಾಗಿ ಕಾರಣವಾಗಿದೆ. ಕಡೆಯ ಕಾಸಿನವರೆಗೂ ಲೆಕ್ಕ ಹೊಂದಲಿ ಎಂದು ಕಾಯುತ್ತ ಕುಳಿತಿದ್ದರೆ ಕಮರಿ ಇಂದಿಗೂ ಮಬ್ಬಿನಲ್ಲೇ ಇರುತ್ತಿತ್ತು. ಹಾಗಾಗಲಿಲ್ಲ. ಪರಿಸರ ಸಂಘಟನೆಗಳು 1980ರ ದಶಕದಿಂದಲೂ ನ್ಯಾಯಾಲಯದಲ್ಲಿ ಒತ್ತಡ ಹೇರುತ್ತ ಬಂದಿದ್ದವು. 1991ರಲ್ಲಿ ಒಪ್ಪಂದ ಏರ್ಪಟ್ಟು, ಗಂಧಕದ ಡೈಆಕ್ಸೈಡನ್ನು ಶೇ. 90ರಷ್ಟು ಇಳಿಸಲು ಸ್ಥಾವರ ಬದ್ಧವಾಯಿತು. 1999ರ ವೇಳೆಗೆ ಗಂಧಕ ತೊಳೆಯುವ ಯಂತ್ರಗಳು ಅಲ್ಲಿ ನೆಲೆಗೊಂಡವು.

ಒದ್ದೆ ಬೆಟ್ಟಗಳ ಮಾತು

ಗ್ರ್ಯಾಂಡ್ ಕ್ಯಾನಿಯನ್ ಒಣ ಸೀಮೆ. ಮಲೆನಾಡಿಗೆ ಹತ್ತಿರವಾದ ಕಥೆ ಅಮೆರಿಕದ ಪೂರ್ವ ಭಾಗದ ಗ್ರೇಟ್ ಸ್ಮೋಕಿ ಪರ್ವತಗಳದು. ದಟ್ಟ ಕಾಡು, ಮಳೆ, ತೇವದ ಗಾಳಿ. ಹೆಸರಿನಲ್ಲೇ ಹೊಗೆಯಿದೆ; ಮರಗಳು ಬಿಡುವ ಆವಿಯಿಂದ ಮೂಡುವ ನಸುನೀಲಿ ಮಬ್ಬೇ ಆ ಹೆಸರಿಗೆ ಮೂಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಆ ನೀಲಿಯ ಮೇಲೆ ಬೆಳ್ಳನೆಯ ಮಬ್ಬು ಕವಿಯಿತು. ಫಿಲ್ಟರುಗಳು ತೋರಿಸಿದಂತೆ ಅದರಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನ ಗಂಧಕದಿಂದ ಹುಟ್ಟಿದ ಸಲ್ಫೇಟಿನದು. ಸಲ್ಫೇಟ್ ಕಣ ನೀರನ್ನು ಹೀರುತ್ತದೆ. ತೇವ ಹೆಚ್ಚಿದಷ್ಟೂ ಉಬ್ಬುತ್ತದೆ. ಒಣಹವೆಯಲ್ಲಿ ಚದುರಿಸುವುದಕ್ಕಿಂತ ಹಲವು ಪಟ್ಟು ಬೆಳಕನ್ನು ಚದುರಿಸುತ್ತದೆ. ಪೂರ್ವ ಭಾಗದ ಉದ್ಯಾನಗಳಲ್ಲಿ ಸಹಜವಾಗಿ 145 ಕಿಲೋಮೀಟರಿನಷ್ಟಿರಬೇಕಾದ ದೃಷ್ಟಿದೂರ 24ರಿಂದ 40 ಕಿಲೋಮೀಟರಿಗೆ ಕುಗ್ಗಿದೆಯೆಂದು ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಕಾಲಕ್ಕೆ ಲೆಕ್ಕಹಾಕಿತ್ತು.

1999ರಲ್ಲಿ ಬಂದ ಪ್ರಾದೇಶಿಕ ಮಬ್ಬು ನಿಯಮ ರಾಜ್ಯಗಳಿಗೆ ಒಂದು ಗುರಿಯನ್ನಿಟ್ಟಿತು. ಅತಿ ಮಬ್ಬಿನ ದಿನಗಳು ಹಂತಹಂತವಾಗಿ ಶುಭ್ರವಾಗುತ್ತ 2064ರ ಹೊತ್ತಿಗೆ ನೈಸರ್ಗಿಕ ಸ್ಥಿತಿಯನ್ನು ತಲಪಬೇಕು. ಅತಿ ಶುಭ್ರವಾದ ದಿನಗಳು ಕೆಡಬಾರದು. ಆಮ್ಲಮಳೆಯ ಕಾನೂನು, ಅನಿಲದ ಪೈಪೋಟಿ, ಹಳೆಯ ಸ್ಥಾವರಗಳ ಮುಚ್ಚುಗಡೆ ಎಲ್ಲವೂ ಸೇರಿ 1990ರಿಂದ ಈಚೆಗೆ ಅಮೆರಿಕದ ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್ ಶೇ. 90ಕ್ಕೂ ಹೆಚ್ಚು ಇಳಿದಿದೆ. ಪೂರ್ವದ ಬೆಟ್ಟಗಳು ಮತ್ತೆ ಕಾಣತೊಡಗಿವೆ. ಈಗ ಪಶ್ಚಿಮದ ಉದ್ಯಾನಗಳನ್ನು ಕಾಡುತ್ತಿರುವುದು ಕಾಡ್ಗಿಚ್ಚಿನ ಹೊಗೆ. ಅದನ್ನು ಕಾರ್ಖಾನೆಯ ಮಬ್ಬಿನಿಂದ ಬೇರ್ಪಡಿಸಿ ಲೆಕ್ಕಹಾಕಲು 2017ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. 2025ರಲ್ಲಿ ಅದೇ ಸಂರಕ್ಷಣಾ ಸಂಸ್ಥೆ ಇಡೀ ಮಬ್ಬು ನಿಯಮವನ್ನೇ ಮರುಪರಿಶೀಲಿಸುವುದಾಗಿ ಸಾರಿತು. ಗೆದ್ದ ದಿಗಂತವನ್ನೂ ಕಾಯುತ್ತಲೇ ಇರಬೇಕು.

ಹೊಟ್ಟೆಯೋ ದಿಗಂತವೋ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದೂರದ ಬೆಟ್ಟ ಕಾಣಲಿ ಎಂಬುದು ಉಂಡವರ ಹಂಬಲವಲ್ಲವೇ? ಇದನ್ನು ಹಗುರವಾಗಿ ಕಾಣುವಂತಿಲ್ಲ. ನವಾಹೋ ಸ್ಥಾವರ ನಿಂತದ್ದು ಆದಿವಾಸಿಗಳ ನೆಲದ ಮೇಲೆ. ಕಲ್ಲಿದ್ದಲು ಬಂದದ್ದು ನವಾಹೋ ಮತ್ತು ಹೋಪಿ ಜನರ ಬ್ಲ್ಯಾಕ್ ಮೇಸಾ ಪ್ರಸ್ಥಭೂಮಿಯಿಂದ. ಅದರ ವಿದ್ಯುತ್ತು ಕೊಲರಾಡೊ ನದಿಯ ನೀರನ್ನು ಫೀನಿಕ್ಸ್, ಟೂಸಾನ್ ನಗರಗಳತ್ತ ಎತ್ತಿ ಹರಿಸಿತು. ಇತ್ತ ನವಾಹೋ ಸೀಮೆಯ ಸಾವಿರಾರು ಮನೆಗಳು ಕತ್ತಲೆಯಲ್ಲೇ ಉಳಿದವು. ಅಗ್ಗದ ಅನಿಲದ ಎದುರು ಸೋತು 2019ರ ನವೆಂಬರಿನಲ್ಲಿ ಸ್ಥಾವರ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರೂ ಅದೇ ಜನ. 2020ರ ಡಿಸೆಂಬರಿನಲ್ಲಿ ಅದರ ಮೂರು ಚಿಮಣಿಗಳು ನೆಲಕ್ಕುರುಳಿದವು. ಶರಾವತಿಯ ಮುಳುಗಡೆಯನ್ನು ಕಂಡ ಮಲೆನಾಡಿಗೆ ಇದು ಅಪರಿಚಿತ ಕಥೆಯಲ್ಲ. ಬೆಳಕು ಒಂದೂರಿಗೆ, ಬೂದಿ ಇನ್ನೊಂದೂರಿಗೆ.

ಆದರೆ ಈ ಅನ್ಯಾಯದಿಂದ ಹೊರಡುವ ತೀರ್ಮಾನ ಮಬ್ಬನ್ನು ಸಹಿಸಬೇಕೆಂಬುದಲ್ಲ; ಶುಭ್ರತೆಯ ಬೆಲೆಯನ್ನು ವಿದ್ಯುತ್ತು ಉಂಡವರು ತೆರಬೇಕು, ದುಡಿದವರು ತೆರಬಾರದು ಎಂಬುದು. ಅಲ್ಲದೆ ದಿಗಂತವನ್ನು ಮುಚ್ಚುವ ಕಣವೂ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣವೂ ಬೇರೆಯಲ್ಲ. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣದಾದ ಕಣಗಳೇ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ, ಅವೇ ರಕ್ತವನ್ನೂ ಸೇರುತ್ತವೆ. ಅದೇ ಗಂಧಕ ಶೆನಂಡೋವಾ ಉದ್ಯಾನದ ತೊರೆಗಳನ್ನು ಆಮ್ಲವಾಗಿಸಿ ಟ್ರೌಟ್ ಮೀನುಗಳಿಗೆ ಕುತ್ತು ತಂದಿತು. ಬೆಟ್ಟ ಕಾಣದಿರುವುದು ರೋಗವಲ್ಲ, ರೋಗದ ಲಕ್ಷಣ. ಲಕ್ಷಣವನ್ನು ಕಡೆಗಣಿಸುವ ವೈದ್ಯ ರೋಗವನ್ನು ಗುಣಪಡಿಸಿದ್ದುಂಟೇ?

ಘಟ್ಟದ ಮೇಲೆ ಅಳೆಯುವವರು ಯಾರು?

ಭಾರತದ ಕಾನೂನಿಗೆ ಈ ಕಣ್ಣು ಇನ್ನೂ ಬಂದಿಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನಕಗಳಲ್ಲಿ 12 ಮಾಲಿನ್ಯಕಾರಕಗಳ ಪಟ್ಟಿಯಿದೆ, ದೃಷ್ಟಿದೂರದ ಮಾತಿಲ್ಲ. ಪರಿಸರ ಸೂಕ್ಷ್ಮ ಪ್ರದೇಶಗಳಿಗೆಂದು ಪ್ರತ್ಯೇಕ ವರ್ಗವಿರುವುದು ಸಮಾಧಾನದ ಸಂಗತಿ. ಅಲ್ಲಿ ಗಂಧಕದ ಡೈಆಕ್ಸೈಡಿನ ವಾರ್ಷಿಕ ಮಿತಿ 50ರ ಬದಲು 20 ಮೈಕ್ರೋಗ್ರಾಂ. ಆದರೆ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿ ಕೈಗಾರಿಕಾ ಪ್ರದೇಶಕ್ಕೂ ಸೂಕ್ಷ್ಮ ಪ್ರದೇಶಕ್ಕೂ ಒಂದೇ: ಘನ ಮೀಟರಿಗೆ 40 ಮೈಕ್ರೋಗ್ರಾಂ. ಅಷ್ಟೂ ಸಲ್ಫೇಟೇ ಆಗಿದ್ದರೆ ಒಣಹವೆಯಲ್ಲೂ ದೃಷ್ಟಿದೂರ 30 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಘಟ್ಟದ ತೇವದಲ್ಲಿ ಇನ್ನೂ ಕಡಿಮೆ. ಕಾಗದದ ಮೇಲೆ ಆ ಗಾಳಿ ಶುದ್ಧವೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಗುರಿ ನಿಗದಿಪಡಿಸಿದ್ದು ನಗರಗಳಿಗೆ. ಕರ್ನಾಟಕದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಆ ಪಟ್ಟಿಯಲ್ಲಿವೆ. ಕುದುರೆಮುಖ, ನಾಗರಹೊಳೆ, ಬಂಡೀಪುರಗಳಿಗೆ ಅಂಥ ಪಟ್ಟಿ ಯಾವುದು?

ಇದಕ್ಕಿಂತ ಕಳವಳಕಾರಿಯಾದುದು ಇನ್ನೊಂದಿದೆ. ಗಂಧಕ ತೊಳೆಯುವ ಯಂತ್ರಗಳನ್ನು ಅಳವಡಿಸಲು 2015ರಲ್ಲಿ ಬಂದ ನಿಯಮದ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ವಿಂಗಡಣೆಯ ಅಳತೆಗೋಲು ರಾಜಧಾನಿ ಪ್ರದೇಶದಿಂದ, ದೊಡ್ಡ ನಗರಗಳಿಂದ, ಮಾಲಿನ್ಯಪೀಡಿತ ಪ್ರದೇಶಗಳಿಂದ 10 ಕಿಲೋಮೀಟರ್ ಅಂತರ. ಉಳಿದವೆಲ್ಲ ಮೂರನೆಯ ವರ್ಗ. 2025ರ ಜುಲೈಯಲ್ಲಿ ಆ ವರ್ಗಕ್ಕೆ, ಅಂದರೆ ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಘಟಕಗಳಿಗೆ, ಚಿಮಣಿ ಸಾಕಷ್ಟು ಎತ್ತರವಿದ್ದರೆ ಸಾಕೆಂದು ವಿನಾಯಿತಿ ಸಿಕ್ಕಿತು. ಈ ವಿಂಗಡಣೆಯಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಇರುವ ಅಂತರವೆಂಬ ಮಾನದಂಡವೇ ಇಲ್ಲ. 275 ಮೀಟರ್ ಎತ್ತರದ ಚಿಮಣಿಯಿಂದ ಹೊರಟ ಗಂಧಕ ಹತ್ತು ಕಿಲೋಮೀಟರಿನ ವೃತ್ತದೊಳಗೆ ನಿಲ್ಲುವುದಿಲ್ಲ. ಗಾಳಿಯಲ್ಲಿ ದಿನಗಟ್ಟಲೆ ತೇಲಿ, ಸಲ್ಫೇಟಾಗಿ ಮಾರ್ಪಟ್ಟು, ನೂರಾರು ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಮತ್ತು ಅವರ ಸಂಗಡಿಗರು 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆಸಿದ ಅಧ್ಯಯನ, ಉಪಖಂಡದ ಮಬ್ಬು ಚಳಿಗಾಲದ ಗಾಳಿಯೊಂದಿಗೆ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಹರಡುವುದನ್ನು ತೋರಿಸಿತ್ತು. ಸಮುದ್ರದ ನಡುವಿಗೆ ತಲಪುವ ಮಬ್ಬಿಗೆ ಘಟ್ಟದ ಸಾಲು ಯಾವ ದೂರ?

ಮಲೆನಾಡಿನಲ್ಲಿ ಮಂಜು ಹೊಸತಲ್ಲ. ಅದೇ ಅಪಾಯ. ಬೆಟ್ಟ ಕಾಣದಿದ್ದರೆ ಮಂಜು ಎಂದು ಸುಮ್ಮನಾಗುವ ರೂಢಿಯಿದೆ. ಬೇಸಿಗೆಯಲ್ಲಿ ಕವಿದರೆ ಕಾಡಿನ ಬೆಂಕಿ ಎನ್ನಲಾಗುತ್ತದೆ. ಮಂಜಿನ ಮರೆಯಲ್ಲಿ ಹೊಗೆ ಅವಿತುಕೊಂಡಿದ್ದರೆ ಅದನ್ನು ಬೇರ್ಪಡಿಸಿ ತೋರಿಸಬಲ್ಲದ್ದು ಅಳತೆಯೊಂದೇ. ಅಳತೆ ಇಂದು ಆರಂಭವಾಗದಿದ್ದರೆ, ಇಪ್ಪತ್ತು ವರ್ಷಗಳ ನಂತರ ಬೆಟ್ಟ ಮೊದಲು ಹೀಗಿರಲಿಲ್ಲ ಎನ್ನುವ ಹಿರಿಯರ ಮಾತಿಗೆ ಯಾವ ನ್ಯಾಯಾಲಯದಲ್ಲೂ ಬೆಲೆ ಸಿಗಲಾರದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಘಟ್ಟದ ಪ್ರತಿ ರಾಷ್ಟ್ರೀಯ ಉದ್ಯಾನದಲ್ಲೂ ಒಂದು ಕಾವಲು ಗೋಪುರದಿಂದ ಒಂದೇ ಬೆಟ್ಟದ ಚಿತ್ರವನ್ನು ಪ್ರತಿದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ದಾಖಲಿಸಬೇಕು. ಕೆಲವು ಉದ್ಯಾನಗಳಲ್ಲಾದರೂ ಕಣಗಳ ಫಿಲ್ಟರ್ ಕೇಂದ್ರಗಳು ಬರಬೇಕು. ಅವುಗಳ ಅಂಕಿ-ಅಂಶ ಗ್ರಾಮ ಪಂಚಾಯತಿಗೂ ಶಾಲೆಗಳಿಗೂ ತೆರೆದಿರಬೇಕು. ಹೊಸ ಸ್ಥಾವರದ ಪರಿಸರ ಪರಿಣಾಮದ ವರದಿ ಹತ್ತು ಕಿಲೋಮೀಟರಿನ ವೃತ್ತಕ್ಕೆ ನಿಲ್ಲದೆ, ಗಾಳಿ ಬೀಸುವ ದಿಕ್ಕಿನ ಉದ್ಯಾನಗಳ ನೋಟಕ್ಕೆ ಆಗುವ ಹಾನಿಯನ್ನೂ ಹೇಳಬೇಕು. ಸ್ಥಾವರಗಳ ವಿಂಗಡಣೆಯಲ್ಲಿ ನಗರದ ಜೊತೆಗೆ ಕಾಡಿನ ಹೆಸರೂ ಸೇರಬೇಕು. ಕ್ಯಾಮೆರಾದ ಕೆಲಸಕ್ಕೆ ಸರ್ಕಾರದ ಆದೇಶ ಬರುವವರೆಗೂ ಕಾಯಬೇಕಾಗಿಲ್ಲ. ಬೆಟ್ಟಕ್ಕೆ ಎದುರಾಗಿರುವ ಯಾವ ಶಾಲೆಯ ಅಂಗಳದಿಂದಲಾದರೂ ಅದು ನಾಳೆಯೇ ಶುರುವಾಗಬಹುದು. ಒಂದೇ ಜಾಗ, ಒಂದೇ ಹೊತ್ತು, ತಪ್ಪದ ದಿನಚರಿ: ಇಷ್ಟಿದ್ದರೆ ಆ ಚಿತ್ರಗಳ ಸಾಲು ಮುಂದೊಂದು ದಿನ ಸಾಕ್ಷಿಯಾಗಿ ನಿಲ್ಲುತ್ತದೆ.

ದೂರದ ಬೆಟ್ಟ ನುಣ್ಣಗೆ ಕಾಣುವುದು ನೋಡುವವನ ಭ್ರಮೆಯೆಂದು ಹಿರಿಯರು ಎಚ್ಚರಿಸಿದ್ದರು. ಅವರ ಕಾಲದ ಗಾಳಿಗೆ ಆ ಮಾತು ಸರಿಯಿತ್ತು. ಇಂದಿನ ನುಣುಪಿನಲ್ಲಿ ಯಾರದೋ ಚಿಮಣಿಯ ಪಾಲೂ ಇದೆ. ಆ ಪಾಲು ಎಷ್ಟೆಂದು ಅಳೆದು, ಅದು ಯಾರದೆಂದು ಹೆಸರಿಟ್ಟು ಕೇಳುವವರೆಗೆ ಬೆಟ್ಟ ಇನ್ನಷ್ಟು ನುಣ್ಣಗಾಗುತ್ತಲೇ ಹೋಗುತ್ತದೆ.